ಎಲ್ಲ ರೂಲ್‌ಗಳೂ ಲೀನಿಯರ್ ಇದ್ದರೂ ಈ ಗ್ರಾಮರ್ ಯಾಕೆ ಟೈಪ್ 3 ಅಲ್ಲ?

ಪ್ರಶ್ನೆ:
ಈ ಒಂದು ಲೆಕ್ಕದ ಮುಂದೆ ಸಂಜೆಯಿಂದ ಕೂತಿದ್ದೇನೆ. ಕೊಟ್ಟ ಗ್ರಾಮರ್ (ಚಿಹ್ನೆಗಳ ಸಾಲು ಹುಟ್ಟಿಸುವ ರೂಲ್‌ಗಳ ಗುಂಪು) ಯಾವ ಟೈಪ್ ಅಂತ ಹೇಳಬೇಕು. ಕ, ಗ ನಾನ್-ಟರ್ಮಿನಲ್ (ರೂಲ್ ಹಾಕಿ ಬದಲಾಯಿಸುವ ಚಿಹ್ನೆ), 0 ಮತ್ತು 1 ಟರ್ಮಿನಲ್ (ಕೊನೆಗೆ ಹಾಗೇ ಉಳಿಯುವ ಚಿಹ್ನೆ).

ಕ → 0ಗ
ಗ → ಕ1
ಗ → 1

ಬಲಗಡೆ ಎಲ್ಲೂ ಒಂದಕ್ಕಿಂತ ಜಾಸ್ತಿ ನಾನ್-ಟರ್ಮಿನಲ್ ಇಲ್ಲ (ಅಂದರೆ ಲೀನಿಯರ್), ಇರೋದೂ ತುದಿಯಲ್ಲೇ ಇದೆ. ಅದಕ್ಕೆ ಟೈಪ್ 3 (ರೆಗ್ಯುಲರ್) ಅಂತ ಬರೆದೆ. ಪುಸ್ತಕದ ಹಿಂದೆ ಉತ್ತರ ಟೈಪ್ 2 (ಕಾಂಟೆಕ್ಸ್ಟ್ ಫ್ರೀ, ಅಂದರೆ ರೂಲ್‌ನ ಎಡಗಡೆ ಒಂದೇ ನಾನ್-ಟರ್ಮಿನಲ್) ಅಂತಿದೆ. ಎಲ್ಲಿ ಎಡವಿದೆ?

ಉತ್ತರ:
ತುದಿ ಅಂದಿರಲ್ಲ, ಯಾವ ತುದಿ ಅಂತ ನೋಡಿ. ಮೊದಲ ರೂಲ್‌ನಲ್ಲಿ ಗ ಬಲಕ್ಕಿದೆ, ಎರಡನೆಯದರಲ್ಲಿ ಕ ಎಡಕ್ಕಿದೆ. ಟೈಪ್ 3 ಆಗಬೇಕಾದರೆ ಎಲ್ಲವೂ ರೈಟ್ ಲೀನಿಯರ್ (ನಾನ್-ಟರ್ಮಿನಲ್ ಬಲ ತುದಿಯಲ್ಲಿ) ಇರಬೇಕು, ಇಲ್ಲವೇ ಎಲ್ಲವೂ ಲೆಫ್ಟ್ ಲೀನಿಯರ್ (ಎಡ ತುದಿಯಲ್ಲಿ). ಬೆರೆಸುವ ಹಾಗಿಲ್ಲ. ಇದನ್ನು ಸುಮ್ನೆ ಬಾಯಿಪಾಠ ಮಾಡಬೇಡಿ, ಒಂದು ಸಲ ಬಿಡಿಸಿ ನೋಡಿ:

ಕ ⇒ 0ಗ ⇒ 0ಕ1 ⇒ 00ಗ1 ⇒ 0011

ಎಡಗಡೆ ಒಂದು 0 ಸೇರಿದರೆ ಬಲಗಡೆ ಒಂದು 1 ಸೇರಲೇಬೇಕು, ತಪ್ಪಿಸಿಕೊಳ್ಳೋಕೆ ದಾರಿಯೇ ಇಲ್ಲ, ಹಾಗಾಗಿ ಎಷ್ಟು 0 ಬಂತೋ ಅಷ್ಟೇ 1 ಬರುತ್ತೆ. ಟೈಪ್ 3ರ ಸಾಲುಗಳನ್ನು ಗುರುತಿಸೋ ಸರಳ ಯಂತ್ರವಾದ ಫೈನೈಟ್ ಆಟೊಮ್ಯಾಟನ್‌ಗೆ ಸ್ಟೇಟ್‌ಗಳು ಇಂತಿಷ್ಟೇ. ನೂರಾರು 0 ಎಣಿಸಿ ನೆನಪಿಡೋಕೆ ಅದರ ಹತ್ತಿರ ಜಾಗ ಸಾಲಲ್ಲ. ಇಲ್ಲಿ ಸ್ಟ್ಯಾಕ್ (ಒಂದರ ಮೇಲೊಂದು ಪೇರಿಸಿ ನೆನಪಿಡುವ ಜಾಗ) ಬೇಕೇ ಬೇಕು.

ಇನ್ನೊಂದು ಉತ್ತರ:
ಮೇಲಿನದು ಸರಿ. ಆದರೆ ಒಂದು ಮಾತು ಸೇರಿಸಲೇಬೇಕು, ಯಾಕಂದ್ರೆ ಇಲ್ಲಿ ಬಹಳ ಜನ ಮಾರ್ಕ್ಸ್ ಕಳೆದುಕೊಳ್ಳುತ್ತಾರೆ. ಗ್ರಾಮರ್‌ನ ಟೈಪ್ ಬೇರೆ, ಭಾಷೆಯ (ಅದರಿಂದ ಹುಟ್ಟುವ ಎಲ್ಲ ಸಾಲುಗಳ ಗುಂಪಿನ) ಟೈಪ್ ಬೇರೆ. ಕ → ಕಕ, ಕ → 0 ತಗೊಳ್ಳಿ. ಗ್ರಾಮರ್ ಟೈಪ್ 2. ಆದರೆ ಹುಟ್ಟುವ ಭಾಷೆ ಬರೀ 0ಗಳ ಸಾಲು, ಅದನ್ನು ಕ → 0ಕ, ಕ → 0 ಅಂತ ಟೈಪ್ 3ರಲ್ಲೇ ಬರೆಯಬಹುದು ಅಲ್ವಾ? 1959ರಲ್ಲಿ ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿ ಈ ವರ್ಗಗಳನ್ನು ಮಾಡಿದ್ದೂ ರೂಲ್‌ಗಳ ಆಕಾರ ನೋಡಿಯೇ. ಆಕಾರ ನೋಡೋದು ಸುಲಭ. ಕಾಂಟೆಕ್ಸ್ಟ್ ಫ್ರೀ ಗ್ರಾಮರ್ ಯಾವುದೇ ಕೊಟ್ಟರೂ ಅದರ ಭಾಷೆ ರೆಗ್ಯುಲರ್ ಹೌದೋ ಅಲ್ಲವೋ ಹೇಳುವಂಥ ಆಲ್ಗರಿದಮ್ ಇಲ್ಲವೇ ಇಲ್ಲ.

ಪ್ರಶ್ನೆ ಕೇಳಿದವರು:
ಈಗ ಹೊಳೀತು, ಇಬ್ಬರಿಗೂ ಥ್ಯಾಂಕ್ಸ್. ಹಾಗಾದ್ರೆ ಗಕ → ಕಗ ಅಂತ ಜಾಗ ಅದಲುಬದಲು ಮಾಡುವ ರೂಲ್ ಇದ್ದರೆ?

ಉತ್ತರ:
ಎಡಗಡೆ ಎರಡು ಚಿಹ್ನೆ ಬಂದ ಕೂಡಲೇ ಟೈಪ್ 2 ಹೋಯ್ತು. ಉದ್ದ ಕಡಿಮೆ ಆಗಿಲ್ಲ, ಹಾಗಾಗಿ ಟೈಪ್ 1. ಕೆಲವು ಪುಸ್ತಕಗಳು ಒಂದು ಹೆಜ್ಜೆಗೆ ಒಂದೇ ಚಿಹ್ನೆ ಬದಲಾಗಬೇಕು ಅಂತ ಕಟ್ಟುನಿಟ್ಟು ಮಾಡುತ್ತವೆ. ಆಗ ಜ ಅಂತ ಹೊಸದೊಂದು ತಂದು ಗಕ → ಗಜ, ಗಜ → ಕಜ, ಕಜ → ಕಗ ಅಂತ ಒಡೆದು ಬರೆಯಿರಿ.