ಪದ ಬೇಕು, ನಾಳೆ ಸಂಜೆಯೊಳಗೆ: ಕೀಬೋರ್ಡಿನ ‘ಕ್ಯಾರೆಕ್ಟರ್ ಎಲ್‌ಸಿಡಿ’

ದಾವಣಗೆರೆಯಿಂದ:

ಎಲ್ಲರಿಗೂ ನಮಸ್ಕಾರ. ಕೀಬೋರ್ಡನ್ನು ಕೈಯಾರೆ ಕಟ್ಟಿ, ಅದರ ಫರ್ಮ್‌ವೇರಿಗೆ (ಕೀಬೋರ್ಡಿನೊಳಗೆ ಓಡುವ ತಂತ್ರಾಂಶಕ್ಕೆ) ಪುಟ್ಟದೊಂದು ಎಲ್‌ಸಿಡಿ ಜೋಡಿಸುವ ಬಗ್ಗೆ ಎಂಟು ಪುಟದ ಕೈಪಿಡಿ ಕನ್ನಡಕ್ಕೆ ಬರುತ್ತಿದೆ. ನಾಳೆ ಸಂಜೆ ಆರಕ್ಕೆ ಪುಟಗಳು ಪ್ರೆಸ್ಸಿಗೆ ಹೋಗಬೇಕು. ಮೂರು ಕಡೆ ಪದ ಕೂರುತ್ತಿಲ್ಲ.

ಮೊದಲನೆಯದು ‘ಕ್ಯಾರೆಕ್ಟರ್ ಎಲ್‌ಸಿಡಿ’. ಎಚ್‌ಡಿ44780 ಚಿಪ್ಪಿನ, 16×2ರದ್ದು, ಅಂದರೆ ಸಾಲಿಗೆ 16ರಂತೆ ಎರಡು ಸಾಲು ತೋರಿಸುವಂಥದ್ದು. ಕರಡಿನಲ್ಲಿ ‘ಅಕ್ಷರ ಪರದೆ’ ಎಂದಿದೆ. ‘ಈ ಅಕ್ಷರ ಪರದೆಯಲ್ಲಿ 32 ಅಕ್ಷರ ಹಿಡಿಸುತ್ತವೆ’ ಎನ್ನುವುದು ಮೊದಲ ಪುಟದ ವಾಕ್ಯ. ಎರಡನೆಯದು ‘ಕಾಂಟ್ರಾಸ್ಟ್’. ಎಲ್‌ಸಿಡಿಯ ಬೆನ್ನಿಗಿರುವ ನೀಲಿ ಪ್ರೀಸೆಟ್ (ಸ್ಕ್ರೂಡ್ರೈವರಿನಿಂದ ತಿರುಗಿಸುವ ಪುಟ್ಟ ತಿರುಪು) ಪಕ್ಕ ಅಂಟಿಸುವ ಚೀಟಿಗೆ ಬೇಕು, ಜಾಗ 12 ಮಿಲಿಮೀಟರ್ ಮಾತ್ರ. ಮೂರನೆಯದು ‘ಲೇಯರ್’, ಅಂದರೆ ಅದೇ ಕೀಲಿಗಳಿಗೆ ಬೇರೆ ಕೆಲಸ ಕೊಡುವ ಇನ್ನೊಂದು ಜೋಡಣೆ. ದಯವಿಟ್ಟು ಬೇಗ ಹೇಳಿ.

ಚಿತ್ರದುರ್ಗದಿಂದ:

‘ಪರದೆ’ ಪಾರಸಿ. ‘ಅಕ್ಶರ’ ಸಂಸ್ಕ್ರುತ. ‘ಲೇಯರ್’ ಇಂಗ್ಲಿಶ್. ಮೂರರಲ್ಲಿ ಕನ್ನಡದ್ದು ಒಂದೂ ಇಲ್ಲ. ‘ಬರಿಗೆತೆರೆ’ ಎನ್ನಿ, ಬರಿಗೆ ಎಂದರೆ ಅಕ್ಶರ. ನಾಟಕದ ತೆರೆ ಎಳೆಯುತ್ತೇವೆ, ಸರಿಸುತ್ತೇವೆ. ಆ ಪದ ಮನೆಯಲ್ಲೇ ಇರುವಾಗ ಸಾಲ ಯಾಕೆ? ಕಯ್ಪಿಡಿಯಲ್ಲಿ ‘ಕೀಲಿಮಣೆ’ ಎಂದಿದ್ದರೆ ಅದನ್ನೂ ತೆಗೆಯಿರಿ. ‘ಕೀಲ’ ಸಂಸ್ಕ್ರುತ. ಒತ್ತುವುದರಿಂದ ‘ಒತ್ತುಮಣೆ’. ಲೇಯರಿಗೆ ‘ಸುತ್ತು’. ಏಳು ಸುತ್ತಿನ ಕೋಟೆ ಎಂದರೆ ದುರ್ಗದ ಮಕ್ಕಳಿಗೂ ತಿಳಿಯುತ್ತದೆ.

ಹರಿಹರದಿಂದ:

‘ಅಕ್ಷರ’ ಬೇಡ ಅನ್ನೋದು ಸರಿ. ಕಾರಣ ಸಂಸ್ಕೃತ ಅಲ್ಲ. ‘32 ಅಕ್ಷರ ಹಿಡಿಸುತ್ತವೆ’ ಅನ್ನೋ ವಾಕ್ಯವೇ ತಪ್ಪು.

ಅದನ್ನು ಓದಿದ ಹುಡುಗರು ಮೊದಲು ಮಾಡೋದು, ಕೋಡಿನಲ್ಲಿ ‘ಕನ್ನಡ’ ಅಂತ ಬರೆದು ಎಲ್‌ಸಿಡಿಗೆ ಕಳಿಸೋದು. ನಮ್ಮ ಲೆಕ್ಕಕ್ಕೆ ಕನ್ನಡ ಅಂದರೆ ಮೂರು ಅಕ್ಷರ. ಯೂನಿಕೋಡಿಗೆ ಐದು: ಕ, ನ, ವಿರಾಮ (ಅರ್ಧಾಕ್ಷರದ ಗುರುತು), ನ, ಡ. ಯುಟಿಎಫ್-8ರಲ್ಲಿ ಒಂದೊಂದಕ್ಕೆ ಮೂರು ಬೈಟು, ಒಟ್ಟು 15. ಎಚ್‌ಡಿ44780ಗೆ ಯೂನಿಕೋಡ್ ಗೊತ್ತಿಲ್ಲ, ಬಂದ ಒಂದೊಂದು ಬೈಟಿಗೂ ಒಂದೊಂದು ಆಕೃತಿ ತೋರಿಸುತ್ತೆ. ‘ಕ’ದ ಮೂರು ಬೈಟು ಹೆಕ್ಸಿನಲ್ಲಿ (16ರ ಎಣಿಕೆಯಲ್ಲಿ) ಇ0, ಬಿ2, 95. ಅಂಗಡಿಯಲ್ಲಿ ಹೆಚ್ಚಾಗಿ ಸಿಗೋ, ಎ00 ಅನ್ನೋ ಆಕೃತಿಪಟ್ಟಿ ಇರೋ ಚಿಪ್ಪಿನಲ್ಲಿ ಇ0 ಅಂದರೆ ಗ್ರೀಕಿನ ಆಲ್ಫಾ, ಬಿ2 ಅಂದರೆ ಜಪಾನಿ ಕಟಕಾನದ ‘ಇ’, 95 ಖಾಲಿ. ‘ಕನ್ನಡ’ ಅಂತ ಕಳಿಸಿದರೆ 16ರಲ್ಲಿ 15 ಜಾಗ ತುಂಬುತ್ತೆ, ಅದರಲ್ಲಿ ಕನ್ನಡ ಒಂದೂ ಇರಲ್ಲ. ಎಲ್‌ಸಿಡಿ ಕೆಟ್ಟಿದೆ ಅಂತ ವಾಪಸ್ ಕೊಡೋರು ಇದಕ್ಕೇ ಕೊಡೋದು.

ಲೇಯರಿಗೆ ‘ಸುತ್ತು’ ಆಗಲ್ಲ. ಕೋಟೆಯ ಸುತ್ತು ಒಂದರೊಳಗೆ ಒಂದು. ಕೀಬೋರ್ಡಿನ ಲೇಯರ್ ಒಂದರ ಮೇಲೊಂದು: ಮೇಲಿನದರಲ್ಲಿ ಒಂದು ಕೀಲಿಯನ್ನು ‘ಪಾರದರ್ಶಕ’ ಅಂತ ಬಿಟ್ಟರೆ ಒತ್ತಿದ್ದು ಕೆಳಗಿನದಕ್ಕೆ ಇಳಿಯುತ್ತೆ. ‘ಪದರ’ ಹಾಕಿ.

ದಾವಣಗೆರೆಯಿಂದ:

ಧನ್ಯವಾದ ಸಾರ್. ‘ಪದರ’ ಹಾಕಿದೆ. ಕ್ಯಾರೆಕ್ಟರಿಗೆ ‘ಚಿಹ್ನೆ’ ಅಂದರೆ? ‘ಚಿಹ್ನೆ ಪರದೆ, 32 ಚಿಹ್ನೆ.’

ಹಿರಿಯೂರಿನಿಂದ:

ಚಿಹ್ನೆಯೂ ಬೇಡಮ್ಮ. 32 ಎನ್ನುವ ಎಣಿಕೆ ಅಕ್ಷರದ್ದೂ ಅಲ್ಲ, ಚಿಹ್ನೆಯದ್ದೂ ಅಲ್ಲ, ಜಾಗದ್ದು. ಅದಕ್ಕೆ ನಮ್ಮಲ್ಲಿ ಪದ ಇದೆ: ಮನೆ. ಚದುರಂಗಕ್ಕೆ 64 ಮನೆ, ಜಾತಕಕ್ಕೆ 12 ಮನೆ, ಚೌಕಾಬಾರದಲ್ಲಿ ಕಾಯಿ ನಡೆಸುವುದು ಮನೆಯಿಂದ ಮನೆಗೆ. ಚೌಕ ಬರೆದು ಅದರೊಳಗೆ ಒಂದನ್ನೇ ಕೂರಿಸುವ ಕಡೆಯೆಲ್ಲ ಕನ್ನಡ ‘ಮನೆ’ ಎಂದೇ ಕರೆದಿದೆ. ‘16 ಮನೆ, 2 ಸಾಲಿನ ಎಲ್‌ಸಿಡಿ’ ಎಂದು ಬರೆಯಿರಿ. ‘ಕ್ಯಾರೆಕ್ಟರ್’ ಪದವನ್ನು ಅನುವಾದಿಸುವ ಗೋಜೇ ಇಲ್ಲ. ಗ್ರಾಫಿಕ್ ಎಲ್‌ಸಿಡಿಗೆ ಮನೆ ಇರುವುದಿಲ್ಲವಾದ್ದರಿಂದ ಎರಡರ ವ್ಯತ್ಯಾಸವೂ ಆ ಒಂದು ಪದದಲ್ಲೇ ತಿಳಿಯುತ್ತದೆ.

ಚಿತ್ರದುರ್ಗದಿಂದ:

‘ಮನೆ’ಗೆ ನನ್ನ ಒಪ್ಪಿಗೆ ಇದೆ. ಅಚ್ಚಗನ್ನಡ. ಆದರೆ ‘ಎಲ್‌ಸಿಡಿ’ಯನ್ನು ಹಾಗೇ ಬಿಟ್ಟರೆ ಹೊಸ್ತಿಲು ದಾಟಿ ಮತ್ತೆ ಸಾಲದ ಅಂಗಡಿಗೇ ಹೋದಂತಾಯಿತು. ‘16 ಮನೆಯ ತೋರುತೆರೆ’.

ಹರಿಹರದಿಂದ:

‘ತೋರುತೆರೆ ಕೊಡಿ’ ಅಂದರೆ ಯಾವ ಅಂಗಡಿಯವನೂ ಕೊಡಲ್ಲ. ಎಲ್‌ಸಿಡಿ ಎಲ್‌ಸಿಡಿಯೇ.

‘ಮನೆ’ ಚೆನ್ನಾಗಿದೆ, ಆದರೆ ಒಂದು ಮಾತು ಕೈಪಿಡಿಯಲ್ಲಿ ಸೇರಬೇಕು. ಚಿಪ್ಪಿನ ನೆನಪಿನಲ್ಲಿ ಇರೋದು 80 ಮನೆ, ಸಾಲಿಗೆ 40. ಕಣ್ಣಿಗೆ ಕಾಣೋದು 16. ಮೊದಲ ಸಾಲಿಗೆ 20 ಮನೆಯಷ್ಟು ಉದ್ದದ ಪದರದ ಹೆಸರು ಬರೆದರೆ ಕೊನೆಯ ನಾಲ್ಕು ಕೆಳಗಿನ ಸಾಲಿಗೆ ಇಳಿಯಲ್ಲ, ಕಾಣದ ಮನೆಗಳಿಗೆ ಹೋಗಿ ಕೂರುತ್ತೆ. ಎರಡನೇ ಸಾಲಿನ ಮೊದಲ ಮನೆಯ ವಿಳಾಸ ಹೆಕ್ಸ್ 40, ಅಂದರೆ 64. ಕರ್ಸರನ್ನು ಅಲ್ಲಿಗೆ ನೀವೇ ಒಯ್ಯಬೇಕು. ಹಾಗಾಗಿ ‘ಕಾಣುವ ಮನೆ’, ‘ಕಾಣದ ಮನೆ’ ಅಂತ ಬೇರೆ ಬೇರೆ ಬರೆಯಿರಿ.

ದಾವಣಗೆರೆಯಿಂದ:

ಸೇರಿಸುತ್ತೇನೆ. ಹಾಗಾದರೆ ಕನ್ನಡವನ್ನು ತೋರಿಸಲು ದಾರಿಯೇ ಇಲ್ಲವೇ? ಕೈಪಿಡಿಯಲ್ಲಿ ‘ಕನ್ನಡ ಮೋಡ್ ಇದ್ದಾಗ ಪರದೆಯಲ್ಲಿ ಕ ಮೂಡುತ್ತದೆ’ ಎಂಬ ವಾಕ್ಯ ಇದೆ.

ಹರಿಹರದಿಂದ:

‘ಕ’ ಒಂದನ್ನು ತೋರಿಸಬಹುದು. ಸ್ವಂತ ಆಕೃತಿ ಬರೆಯೋಕೆ ಚಿಪ್ಪಿನಲ್ಲಿ ಎಂಟು ಜಾಗ ಇದೆ. ಒಂದೊಂದು ಆಕೃತಿಗೆ 5 ಕಂಬಸಾಲು, 8 ಅಡ್ಡಸಾಲು. ‘ಕ’ಕ್ಕೆ ಮೇಲಿಂದ ಕೆಳಗೆ ಈ ಎಂಟು ಸಂಖ್ಯೆ ಹಾಕಿ, ಅಡ್ಡಸಾಲಿಗೆ ಒಂದು: 1, 30, 4, 31, 17, 17, 14, 0. 1 ಮತ್ತು 30 ಸೇರಿ ತಲೆಕಟ್ಟು, 31 ನಡುವಿನ ಅಡ್ಡಗೆರೆ, 17–17–14 ಕೆಳಗಿನ ಹೊಟ್ಟೆ. ಕೊನೆಯ ಸಾಲು ಕರ್ಸರಿನದು, ಅದಕ್ಕೆ ಸೊನ್ನೆ. ಒತ್ತಕ್ಷರಕ್ಕೆ ಆ ಐದು ಚುಕ್ಕಿ ಸಾಲಲ್ಲ, ‘ನ್ನ’ ಮೂಡಿಸೋಕೆ ಹೋಗಬೇಡಿ. ಇನ್ನೊಂದು ಎಚ್ಚರ: ಆಕೃತಿಯನ್ನು 0ನೇ ಜಾಗದಲ್ಲಿ ಇಟ್ಟು ವಾಕ್ಯದ ನಡುವೆ ಕರೆದರೆ ಸಿ ಭಾಷೆಯಲ್ಲಿ ಸೊನ್ನೆ ಅಂದರೆ ಬರಹ ಮುಗಿಯಿತು ಅಂತ, ಮುಂದಿನದೆಲ್ಲ ಮಾಯ. 8 ಅಂತ ಕರೆಯಿರಿ, ಅದೇ ಆಕೃತಿ ಬರುತ್ತೆ.

ಆದರೆ ನಿಮ್ಮ ಆ ವಾಕ್ಯ ನಿಲ್ಲಲ್ಲ. ಕಂಪ್ಯೂಟರಿನಲ್ಲಿ ಕೆ.ಪಿ. ರಾವ್ ವಿನ್ಯಾಸ ಇರಲಿ, ಇನ್‌ಸ್ಕ್ರಿಪ್ಟ್ ಇರಲಿ, ‘ಕೆ’ ಕೀಲಿ ಒತ್ತಿದರೆ ಯುಎಸ್‌ಬಿ ತಂತಿಯಲ್ಲಿ ಹೋಗೋದು 14 ಅನ್ನೋ ಸಂಖ್ಯೆ ಮಾತ್ರ. ಅದನ್ನು ‘ಕ’ ಮಾಡೋದು ಕಂಪ್ಯೂಟರು. ಯಾರಾದರೂ ಮೌಸಿನಿಂದ ಭಾಷೆ ಬದಲಿಸಿದರೆ ಫರ್ಮ್‌ವೇರಿಗೆ ಸುದ್ದಿಯೇ ಮುಟ್ಟಲ್ಲ, ಎಲ್‌ಸಿಡಿಯಲ್ಲಿ ‘ಕ’ ಹಾಗೇ ನಿಂತಿರುತ್ತೆ. ‘ಕನ್ನಡ ಮೋಡ್’ ತೆಗೆದು ‘ಕನ್ನಡ ಪದರ’ ಅಂತ ಬರೆಯಿರಿ. ಪದರ ಮಾತ್ರ ಫರ್ಮ್‌ವೇರಿನ ಕೈಯಲ್ಲಿರೋದು.

ಹೊಸದುರ್ಗದಿಂದ:

‘ಕೀಲಿಮಣೆ’ಯ ಬಗ್ಗೆ ಯಾರೂ ಉತ್ತರಿಸಲಿಲ್ಲ. ‘ಒತ್ತುಮಣೆ’ ಒಪ್ಪುವಂಥದ್ದಲ್ಲ. ಮೊಣಕಾಲಿನ ಕೀಲು, ಗಾಡಿಯ ಕೀಲು, ಕೀಲುಕುದುರೆ ಎಲ್ಲವನ್ನೂ ಹೊರಗೆ ಹಾಕಿ ಕನ್ನಡ ಉಳಿಸುವುದು ಹೇಗೆ? ಇರುವ ತೊಡಕೇ ಬೇರೆ. ನಮ್ಮ ಈ ಕಡೆ ‘ಕೀಲಿ ಹಾಕು’ ಎಂದರೆ ಬೀಗ ಹಾಕು ಎಂದು, ತೆರೆಯುವುದು ‘ಕೀಲಿಕೈ’. ಅದಕ್ಕೇ ಗುಂಡಿಗಳನ್ನು ಬರೀ ‘ಕೀಲಿ’ ಎಂದರೆ ಕೆಲವರಿಗೆ ತಡವರಿಸುತ್ತದೆ. ಇಡೀ ಸಾಧನಕ್ಕೆ ‘ಕೀಲಿಮಣೆ’, ಬಿಡಿಯದಕ್ಕೆ ‘ಕೀ’ ಎನ್ನಿ.

ಚಿತ್ರದುರ್ಗದಿಂದ:

ಬಳಕೆಯಲ್ಲಿದೆ ಎಂಬುದು ವಾದವಲ್ಲ. ಬಸ್ಸು, ಕಾರು ಕೂಡ ಬಳಕೆಯಲ್ಲಿವೆ. ಹೊಸ ವಸ್ತು ಬಂದಾಗಲೇ ಪದ ಕಟ್ಟಬೇಕು, ಬೇರೂರಿದ ಮೇಲೆ ಕೀಳುವುದು ಆಗದ ಮಾತು. ಈ ಕಯ್ಪಿಡಿ ಓದುವ ಹುಡುಗರು ನಾಳೆ ಇದನ್ನೇ ಕಲಿಸುವವರು. ಅವರ ಬಾಯಲ್ಲಿ ಇಂದು ಕನ್ನಡ ಇಡದಿದ್ದರೆ ಇನ್ನೆಂದು?

ಹಿರಿಯೂರಿನಿಂದ:

ಕಟ್ಟಬೇಕು ಸರಿ. ‘ಮನೆ’ಯನ್ನು ಯಾರೂ ಕಟ್ಟಲಿಲ್ಲ, ಆಟದ ಹಾಸಿನ ಮೇಲೆ ಬಿದ್ದಿತ್ತು, ಎತ್ತಿಕೊಂಡೆವು. ಮೊದಲು ಹುಡುಕುವುದು, ಸಿಗದಿದ್ದರೆ ಕಟ್ಟುವುದು. ಅದಕ್ಕೂ ಮೊದಲೇ ಸಂಸ್ಕೃತ, ಪಾರಸಿ ಎಂದು ಜಾತಿ ಕೇಳುವುದು ನನಗೆ ಸೇರದು.

ಮೊಳಕಾಲ್ಮೂರಿನಿಂದ:

ಹುಡುಕುವ ಮಾತು ಬಂದಿದ್ದಕ್ಕೆ ಒಂದು. ಕೀಲಿಗಳ ಕೆಳಗೆ ಅಡ್ಡ ತಂತಿ, ಉದ್ದ ತಂತಿ ಹೆಣೆದಿರುವುದನ್ನು ‘ಮ್ಯಾಟ್ರಿಕ್ಸ್’ ಎನ್ನುತ್ತಾರಲ್ಲ, ಮಗ್ಗದವರಿಗೆ ಅದು ‘ಹಾಸು ಹೊಕ್ಕು’. ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು. ಹಾಸೂ ಹೊಕ್ಕೂ ಕೂಡುವ ಕಡೆ ಒಂದು ಸ್ವಿಚ್ಚು, ಒಂದು ಡಯೋಡು. ಇದನ್ನು ನೇಯ್ಗೆಯವರ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹರಿಹರದಿಂದ:

ಇದು ಪದ. ಹಾಕಿ.

ಹಾಸುಹೊಕ್ಕಿನ ಮಾತು ಬಂತಲ್ಲ, ಕೈಪಿಡಿಯ ಐದನೇ ಪುಟದ ತಪ್ಪೊಂದು ಅದಕ್ಕೇ ಸಂಬಂಧಿಸಿದ್ದು. ‘ಎಲ್‌ಸಿಡಿಯನ್ನು ಪ್ರತಿ ಸುತ್ತಿನಲ್ಲೂ ಬರೆಯಿರಿ’ ಅಂತ ಇದೆಯಂತೆ, ಅಂದರೆ ಫರ್ಮ್‌ವೇರ್ ಕೀಲಿಗಳನ್ನು ಒಮ್ಮೆ ನೋಡಿ ಬರೋ ಪ್ರತಿ ಸಲವೂ. ಬೇಡ. ಪಿಸಿಎಫ್8574 ಬೆನ್ನುಪಟ್ಟಿಯ (ಎಲ್‌ಸಿಡಿಯ ಬೆನ್ನಿಗೆ ಕೂರೋ, ಎರಡೇ ತಂತಿಯಲ್ಲಿ ಮಾತಾಡೋ ಪಟ್ಟಿ) ಮೂಲಕ ಒಂದು ಮನೆ ತುಂಬೋಕೆ ತಂತಿಯಲ್ಲಿ ವಿಳಾಸ ಸೇರಿ ಐದು ಬೈಟು ಹೋಗುತ್ತೆ. 100 ಕಿಲೋಹರ್ಟ್ಸ್ ವೇಗದಲ್ಲಿ ಬೈಟಿಗೆ 90 ಮೈಕ್ರೋಸೆಕೆಂಡು, ಮನೆಗೆ 450, 32 ಮನೆಗೆ 14 ಮಿಲಿಸೆಕೆಂಡು ಮೀರುತ್ತೆ. ಅಷ್ಟು ಹೊತ್ತು ಹಾಸುಹೊಕ್ಕನ್ನು ಯಾರೂ ನೋಡ್ತಾ ಇರಲ್ಲ. ಬೇಗ ಟೈಪ್ ಮಾಡೋರಿಗೆ ಕೀಲಿ ತಪ್ಪುತ್ತೆ. ಪದರ ಬದಲಾದಾಗ ಮಾತ್ರ, ಬದಲಾದ ಮನೆಗಳನ್ನಷ್ಟೇ ಬರೆಯಬೇಕು. ವೇಗ ಹೆಚ್ಚಿಸೋಣ ಅಂದರೆ ಆ ಚಿಪ್ಪಿನ ಮಿತಿಯೇ 100. ಕೀಬೋರ್ಡಿನ ಫರ್ಮ್‌ವೇರ್ ಕ್ಯೂಎಂಕೆ ಕೆಲವು ಬೋರ್ಡುಗಳಲ್ಲಿ ತಾನಾಗಿ 400 ಇಟ್ಟಿರುತ್ತೆ, ಇಳಿಸೋದು ಮರೀಬೇಡಿ. ಕ್ಯೂಎಂಕೆಯಲ್ಲಿ ಎಚ್‌ಡಿ44780ಗೆ ಸಿದ್ಧ ಡ್ರೈವರ್ ಇದೆ ನಿಜ, ಅದು ಏಳು ಪಿನ್ನಿಗೆ ನೇರ ಬೆಸೆಯೋ ಎಲ್‌ಸಿಡಿಗೆ. ಬೆನ್ನುಪಟ್ಟಿಗೆ ನೀವೇ ಬರೆದುಕೊಳ್ಳಬೇಕು. ವಿಳಾಸ ಹೆಕ್ಸ್ 27. ಚಿಪ್ಪಿನ ಹೆಸರಿನಲ್ಲಿ 8574 ಆದ ಮೇಲೆ ‘ಎ’ ಇದ್ದರೆ 3ಎಫ್.

ದಾವಣಗೆರೆಯಿಂದ:

‘ಬೆನ್ನುಪಟ್ಟಿ’ಯನ್ನೂ ತೆಗೆದುಕೊಂಡೆ ಸಾರ್. ಇನ್ನು ಕಾಂಟ್ರಾಸ್ಟ್ ಒಂದೇ ಬಾಕಿ. ನಿಘಂಟಿನಲ್ಲಿ ‘ವೈದೃಶ್ಯ’ ಇದೆ.

ಹೊಸದುರ್ಗದಿಂದ:

ವೈದೃಶ್ಯ ಅಲಂಕಾರಶಾಸ್ತ್ರದ ತರಗತಿಗೆ. ಸ್ಕ್ರೂಡ್ರೈವರ್ ಹಿಡಿದವನಿಗೆ ಅದರಿಂದ ಏನು ತಿಳಿಯಬೇಕು?

ಹಿರಿಯೂರಿನಿಂದ:

ತಿರುಗಿಸುವ ಭಾಗಕ್ಕೆ ಹೆಸರು ಬೇಡ, ತುದಿಗಳಿಗೆ ಹೆಸರು ಕೊಡಿ. ತಿಳಿನೀಲಿ, ಕಡುನೀಲಿ ಎನ್ನುತ್ತೇವಲ್ಲ. ಒಂದು ತುದಿಗೆ ‘ತಿಳಿ’, ಇನ್ನೊಂದಕ್ಕೆ ‘ಕಡು’. 12 ಮಿಲಿಮೀಟರಿನಲ್ಲಿ ಹಿಡಿಸುತ್ತದೆ.

ಹರಿಹರದಿಂದ:

ಸರಿಯಾಗಿದೆ. ಮೂರನೇ ಪಿನ್ನಿನ ವೋಲ್ಟೇಜು ಗ್ರೌಂಡಿನ ಕಡೆ ಇಳಿದಷ್ಟೂ ಕಡು. ಯಾವ ಕಡೆ ತಿರುಗಿಸಿದರೆ ಇಳಿಯುತ್ತೆ ಅನ್ನೋದು ಪಟ್ಟಿಯಿಂದ ಪಟ್ಟಿಗೆ ಬೇರೆ, ತಿರುಗಿಸಿ ನೋಡಿಯೇ ಚೀಟಿ ಅಂಟಿಸಿ. ದೋಷದ ಪುಟಕ್ಕೆ ಎರಡು ಸಾಲು ಸೇರಿಸಿ. ಹಿಂಬೆಳಕು ಹತ್ತಿದೆ, ಮನೆ ಯಾವುದೂ ಕಾಣಿಸ್ತಿಲ್ಲ ಅಂದರೆ ಅದು ತಿಳಿಯ ತುದಿಯಲ್ಲಿದೆ, ಇಲ್ಲವೇ 5 ವೋಲ್ಟಿನ ಎಲ್‌ಸಿಡಿಗೆ 3.3 ಕೊಟ್ಟಿದ್ದೀರಿ. ಮೊದಲ ಸಾಲಿನ 16 ಮನೆಯೂ ಕಪ್ಪಾಗಿ ತುಂಬಿ, ಎರಡನೆಯದು ಖಾಲಿ ಅಂದರೆ ವಿದ್ಯುತ್ತು ಸರಿ, ಆದರೆ ಫರ್ಮ್‌ವೇರಿನ ಮೊದಲ ಆದೇಶಗಳು ಮುಟ್ಟಿಲ್ಲ. ವಿಳಾಸ ನೋಡಿ, ಆಮೇಲೆ ಶುರುವಿನಲ್ಲಿ 40 ಮಿಲಿಸೆಕೆಂಡು ಕಾದಿದ್ದೀರಾ ನೋಡಿ. ಆರ್‌ಪಿ2040 ಬೋರ್ಡಾದರೆ ಬೆನ್ನುಪಟ್ಟಿಯ ಎರಡು ತಂತಿಗಳನ್ನು ನೇರ ಕೊಡಬೇಡಿ, ಅದರ ಪಿನ್ನು 5 ವೋಲ್ಟು ತಾಳಲ್ಲ. ನಡುವೆ ವೋಲ್ಟೇಜು ಹೊಂದಿಸೋ ಲೆವೆಲ್ ಶಿಫ್ಟರ್ ಬೇಕು.

ಚಿತ್ರದುರ್ಗದಿಂದ:

‘ಹಿಂಬೆಳಕು’, ‘ತಿಳಿ’, ‘ಕಡು’, ‘ಮನೆ’, ‘ಹಾಸುಹೊಕ್ಕು’. ಅಯ್ದೂ ಕನ್ನಡ. ಇಶ್ಟಾದ ಮೇಲೆ ‘ಪರದೆ’ ಯಾಕೆ ಉಳಿಯಬೇಕು?

ದಾವಣಗೆರೆಯಿಂದ:

‘ಪರದೆ’ ಉಳಿಯಲಿಲ್ಲ ಸಾರ್, ಬೇಕಾಗಲೇ ಇಲ್ಲ. ಪ್ರೆಸ್ಸಿಗೆ ಹೋದ ಮೊದಲ ಪುಟದ ವಾಕ್ಯ ಹೀಗಿದೆ: ‘ಈ ಎಲ್‌ಸಿಡಿಯಲ್ಲಿ ಕಾಣುವ ಮನೆ 32: ಸಾಲಿಗೆ 16ರಂತೆ 2 ಸಾಲುಗಳು. ಒಂದು ಮನೆಗೆ ಒಂದು ಬೈಟು.’ ಕೀಬೋರ್ಡಿಗೆ ‘ಕೀಲಿಮಣೆ’ ಎಂದೇ ಇದೆ.

ಹೊಸದುರ್ಗದಿಂದ:

‘2 ಸಾಲು’ ಸಾಕು, ‘ಗಳು’ ತೆಗೆಯಿರಿ. ಸಂಖ್ಯೆ ಮುಂದಿದೆ.

ದಾವಣಗೆರೆಯಿಂದ:

ಫೋನ್ ಮಾಡಿ ತೆಗೆಸಿದೆ.