ಅಪಾಯ ‘ಹೆಚ್ಚುತ್ತದೆ’ಯೋ, ಸಂಭವ ‘ಹೆಚ್ಚಿತ್ತು’ ಎನ್ನಬೇಕೋ?

ಪ್ರಶ್ನೆ: ಆರೋಗ್ಯ ಲೇಖನವೊಂದರ ಕರಡಿನಲ್ಲಿ ಈ ವಾಕ್ಯವಿದೆ. ‘ರಕ್ತದಲ್ಲಿ ಅಮೈನೋ ಆಮ್ಲಗಳ ಪ್ರಮಾಣ ಹೆಚ್ಚಿದರೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಅಪಾಯ ಎರಡು ಪಟ್ಟು ಹೆಚ್ಚುತ್ತದೆ.’ ಇಲ್ಲಿ ‘ಪ್ರಮಾಣ’ ಸರಿಯೇ, ‘ಮಟ್ಟ’ ಸರಿಯೇ? ‘ಅಪಾಯ’ಕ್ಕೆ ಬದಲಿ ಉಂಟೇ? ಕ್ಯಾನ್ಸರನ್ನು ‘ಅರ್ಬುದ’ ಎಂದು ಬರೆಯಲೇ?

ಉತ್ತರ: ಬಿಡಿ ಪದಗಳಿಗಿಂತ ಮೊದಲು ‘ಹೆಚ್ಚಿದರೆ… ಹೆಚ್ಚುತ್ತದೆ’ ಎಂಬ ಜೋಡಿಯನ್ನು ತಿದ್ದಬೇಕು. ‘ಮಳೆ ಬಂದರೆ ಕೆರೆ ತುಂಬುತ್ತದೆ’ ಎನ್ನುವಾಗ ಮಳೆಯೇ ಕಾರಣ. ಈ ‘-ದರೆ’ ಕಂಡ ಓದುಗರು ಪ್ರೋಟೀನಿನ ಘಟಕವಾದ ಅಮೈನೋ ಆಮ್ಲವೇ ಕ್ಯಾನ್ಸರ್ ತರುತ್ತದೆ ಎಂದುಕೊಂಡು ಪ್ರೋಟೀನಿರುವ ತೊಗರಿಬೇಳೆ ಬಿಡುತ್ತಾರೆ. 2014ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಕಂಡದ್ದು ಬೇರೆ. ಲ್ಯೂಸೀನ್, ಐಸೋಲ್ಯೂಸೀನ್, ವೇಲೀನ್ ಎಂಬ ಕವಲು ಸರಪಳಿಯ ಮೂರು ಅಮೈನೋ ಆಮ್ಲಗಳು ರಕ್ತದಲ್ಲಿ ಹೆಚ್ಚಿದ್ದವರಲ್ಲಿ ಮುಂದೆ ಈ ಕ್ಯಾನ್ಸರ್ ಪತ್ತೆಯಾಗುವ ಸಂಭವ ಇಮ್ಮಡಿಗೂ ಮೇಲಿತ್ತು. ರೋಗ ಪತ್ತೆಗೆ 2ರಿಂದ 5 ವರ್ಷ ಮೊದಲು ತೆಗೆದಿಟ್ಟ ರಕ್ತದಲ್ಲಿ ಈ ನಂಟು ಎದ್ದು ಕಂಡಿತು. ಇಲಿಗಳಲ್ಲಿ ನೋಡಿದಾಗ, ಗಂತಿ (ಗಡ್ಡೆ) ಇನ್ನೂ ಮೊದಲ ಹಂತದಲ್ಲಿರುವಾಗಲೇ ಮೈಯ ಪ್ರೋಟೀನು ಕರಗಿ ಈ ಆಮ್ಲಗಳು ರಕ್ತಕ್ಕೆ ಸೇರುತ್ತಿದ್ದವು. ಅಂದರೆ ಏರಿಕೆ ಬಹುಮಟ್ಟಿಗೆ ಒಳಗೆ ಆಗಲೇ ಶುರುವಾದ ರೋಗದ ಕುರುಹು. ಅದಕ್ಕೇ ‘ಹೆಚ್ಚಿದ್ದವರಲ್ಲಿ… ಹೆಚ್ಚಿತ್ತು’ ಎಂಬ ರೂಪ ಬೇಕು. ‘ಅಪಾಯವನ್ನು ಹೆಚ್ಚಿಸುತ್ತದೆ’ ಎಂದಂತೂ ಬರೆಯಲೇಬಾರದು. ಅಲ್ಲಿನ ‘-ಇಸು’ ಕಾರಣವನ್ನು ನೇರವಾಗಿ ಆಮ್ಲದ ತಲೆಗೆ ಕಟ್ಟುತ್ತದೆ.

‘ಎರಡು ಪಟ್ಟು ಹೆಚ್ಚು’ ಎಂಬುದೂ ತೊಡಕಿನದು. ಸಾವಿರಕ್ಕೆ 1 ಇದ್ದದ್ದು ಎರಡು ಪಟ್ಟು ಹೆಚ್ಚಿದರೆ ಕೆಲವರಿಗೆ 2, ಕೆಲವರಿಗೆ 3. ‘ಇಮ್ಮಡಿ’ ಎಂದರೆ 2 ಮಾತ್ರ.

ಅಂಕಿ ಜೊತೆಗಿದ್ದರೆ ‘ಸಂಭವ’ ಒಳ್ಳೆಯದು. ‘ಅಪಾಯ ಇಮ್ಮಡಿ’ ಎಂದರೆ ರೋಗವೇ ಇಮ್ಮಡಿ ಉಗ್ರವಾಯಿತೇನೋ ಎಂಬ ಅರ್ಥವೂ ಬರುತ್ತದೆ. ಅಂಕಿಯಿಲ್ಲದ ಕಡೆ ‘ಅಪಾಯ’ ನಡೆಯುತ್ತದೆ.

‘ಪ್ರಮಾಣ’ಕ್ಕೆ ಅನುಪಾತವೆಂಬ ಅರ್ಥವೂ ಇದೆ, ಹಾಗಾಗಿ ಸಾಮಾನ್ಯ ಓದುಗರಿಗೆ ‘ಮಟ್ಟ’ ಸಾಕು. ಲೀಟರಿಗೆ ಇಷ್ಟು ಮೈಕ್ರೋಮೋಲ್ ಎಂದು ಅಳತೆ ಕೊಡುವಲ್ಲಿ ‘ಸಾಂದ್ರತೆ’ಯೇ ಖಚಿತ. ಕ್ಯಾನ್ಸರನ್ನು ಕ್ಯಾನ್ಸರ್ ಎಂದೇ ಬಿಡಿ. ಅರ್ಬುದ ಎಂದರೆ ಗಂತಿ, ಗಂತಿಗಳೆಲ್ಲ ಕ್ಯಾನ್ಸರಲ್ಲ.

ಇನ್ನೊಬ್ಬರಿಂದ: ‘ರಕ್ತದಲ್ಲಿ’ ಎಂಬ ಮಾತನ್ನೂ ಬಿಗಿ ಮಾಡಿ. ಇಂಥ ಅಧ್ಯಯನಗಳಲ್ಲಿ ಅಳೆಯುವುದು ಸಾಮಾನ್ಯವಾಗಿ ಪ್ಲಾಸ್ಮಾದಲ್ಲಿ, ಅಂದರೆ ಹೆಪ್ಪುಗಟ್ಟದಂತೆ ತಡೆದ ರಕ್ತದಿಂದ ಕಣಗಳನ್ನು ಬೇರ್ಪಡಿಸಿದ ದ್ರವದಲ್ಲಿ. ಹೆಪ್ಪುಗಟ್ಟಿದ ಮೇಲೆ ಉಳಿಯುವ ದ್ರವ ಸೀರಂ. ಎರಡನ್ನೂ ‘ರಕ್ತಸಾರ’ ಎನ್ನುವ ರೂಢಿ ಇಲ್ಲಿ ಕೆಲಸ ಕೆಡಿಸುತ್ತದೆ, ಏಕೆಂದರೆ ಅಂಕಿಗಳು ಹೊಂದುವುದಿಲ್ಲ. ರಕ್ತವನ್ನು ತಣ್ಣಗಿಡದೆ ಹೊರಗೆ ಬಿಟ್ಟರೆ ಗ್ಲುಟಮೀನ್ ಎಂಬ ಅಮೈನೋ ಆಮ್ಲ ಒಡೆದು ಗ್ಲುಟಮೇಟ್ ಆಗುತ್ತದೆ. ಕೆಂಪು ಕಣ ಒಡೆದರೆ ಅದರೊಳಗಿನ ಆರ್ಜಿನೇಸ್ ಎಂಬ ಕಿಣ್ವ ಆರ್ಜಿನೀನ್ ಎಂಬ ಇನ್ನೊಂದು ಅಮೈನೋ ಆಮ್ಲವನ್ನು ಆರ್ನಿಥೀನ್ ಮಾಡಿಬಿಡುತ್ತದೆ. ಹಾಗಾಗಿ ‘ಪ್ಲಾಸ್ಮಾ’, ‘ಸೀರಂ’ ಎರಡನ್ನೂ ಹಾಗೇ ಉಳಿಸಿಕೊಂಡು, ‘ಬರಿಹೊಟ್ಟೆಯಲ್ಲಿ ತೆಗೆದ’ ಎಂಬ ವಿವರ ಮೂಲದಲ್ಲಿದ್ದರೆ ಅದನ್ನೂ ಸೇರಿಸಿ. ಊಟವಾದ ಮೇಲೆ ಕವಲು ಸರಪಳಿಯ ಆ ಮೂರೂ ಆಮ್ಲಗಳು ಯಾರಲ್ಲಾದರೂ ಏರುತ್ತವೆ.