ಕಾರವಾರದ ಬಾಡಿಗೆ ಮನೆಯ ಉಸ್ತುವಾರಿಗೆ ಒಬ್ಬರನ್ನು ನೇಮಿಸುವಾಗ ಏನೇನು ಒಪ್ಪಿಸಬೇಕು?

ಪ್ರಶ್ನೆ (ಬೆಂಗಳೂರಿನಿಂದ)

ಕಾರವಾರದ ಹಬ್ಬುವಾಡದಲ್ಲಿ ನಮ್ಮ ತಂದೆಯವರು ಕಟ್ಟಿಸಿದ, ಚಿರೇಕಲ್ಲಿನ ಗೋಡೆಯ, ಮಂಗಳೂರು ಹೆಂಚಿನ ಮನೆಯಿದೆ. ಈಗ ಅದು ತಾಯಿಯವರ ಹೆಸರಿನಲ್ಲಿದೆ. ಅವರು ನಮ್ಮಲ್ಲಿಗೆ ಬಂದ ಮೇಲೆ ನೌಕಾನೆಲೆಯಲ್ಲಿ ಕೆಲಸಕ್ಕಿದ್ದವರೊಬ್ಬರಿಗೆ ಬಾಡಿಗೆಗೆ ಕೊಟ್ಟಿದ್ದೆವು. ಅವರಿಗೆ ವರ್ಗವಾಗಿ ಕಳೆದ ಮೇ ತಿಂಗಳಲ್ಲಿ ಮನೆ ಬಿಟ್ಟರು, ಹೊಸಬರು ಸಿಗುವ ಮೊದಲೇ ಮಳೆ ಹಿಡಿಯಿತು. ಚೌತಿಗೆಂದು ಹೋಗಿ ಬಾಗಿಲು ತೆಗೆದರೆ, ಅಡುಗೆಮನೆಯ ಮೇಲೆ ಎರಡು ಹೆಂಚು ಜಾರಿ, ನೀರು ಗೋಡೆಗುಂಟ ಇಳಿದು, ತಾಯಿಯವರ ಹಲಸಿನ ಹಲಗೆಯ ಕಪಾಟಿನ ಹಿಂಬದಿ ಬೆರಳಿಟ್ಟಲ್ಲಿ ಪುಡಿಯಾಗುವಷ್ಟು ಮೆತ್ತಗಾಗಿತ್ತು. ಅವರಿಗೆ ಇನ್ನೂ ಹೇಳಿಲ್ಲ.

ಈಗ ಊರಿನವರೊಬ್ಬರು, ಬಾಡಿಗೆಯಲ್ಲಿ ನೂರಕ್ಕೆ ಹತ್ತು ರೂಪಾಯಿ ಕೊಟ್ಟರೆ ಬಾಡಿಗೆದಾರರನ್ನು ಹುಡುಕುವುದು, ವಸೂಲಿ, ದುರಸ್ತಿ ಎಲ್ಲವನ್ನೂ ನೋಡಿಕೊಳ್ಳುತ್ತೇನೆ ಎನ್ನುತ್ತಿದ್ದಾರೆ. ಅದಕ್ಕಾಗಿ ಜನರಲ್ ಪವರ್ ಆಫ್ ಅಟಾರ್ನಿ (ನಮ್ಮ ಪರವಾಗಿ ವ್ಯವಹಾರ ಮಾಡಲು ಕೊಡುವ ಸಾಮಾನ್ಯ ಅಧಿಕಾರಪತ್ರ) ಬೇಕಂತೆ. ಕೊಡಬಹುದೇ?

ಉತ್ತರ 1 (ಕೋಡಿಬಾಗದಿಂದ)

ದಯವಿಟ್ಟು ಜನರಲ್ ಪವರ್ ಕೊಡಬೇಡಿ. ಮನೆ ನೋಡಿಕೊಳ್ಳಲು ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚಿನ ಅಧಿಕಾರವನ್ನು, ಕೆಲವೊಮ್ಮೆ ಆಸ್ತಿಯನ್ನು ಮಾರುವ ಅಥವಾ ಅಡವಿಡುವ ಅಧಿಕಾರವನ್ನೂ, ಆ ಪತ್ರದಲ್ಲಿ ಬರೆದಿರುತ್ತಾರೆ. ಮನೆ ತೋರಿಸುವುದು, ಇಂತಿಷ್ಟು ಮೊತ್ತದೊಳಗಿನ ದುರಸ್ತಿ ಮಾಡಿಸುವುದು, ನಗರಸಭೆಯಲ್ಲಿ ಮನೆ ತೆರಿಗೆ ಕಟ್ಟುವುದು ಎಂದು ಕೆಲಸಗಳನ್ನು ಒಂದೊಂದಾಗಿ ಹೆಸರಿಸಿದ ಸ್ಪೆಷಲ್ ಪವರ್ ಸಾಕು. ಮನೆ ತಾಯಿಯವರ ಹೆಸರಿನಲ್ಲಿರುವುದರಿಂದ ಅದಕ್ಕೆ ಸಹಿ ಹಾಕಬೇಕಾದವರು ಅವರು, ನೀವಲ್ಲ. ಆದ್ದರಿಂದ ಕಪಾಟಿನ ವಿಷಯವನ್ನೂ ಅವರಿಗೆ ಈಗಲೇ ತಿಳಿಸುವುದು ಒಳ್ಳೆಯದು.

ಬಾಡಿಗೆಯೂ ಡಿಪಾಸಿಟ್ಟೂ ನೇರವಾಗಿ ತಾಯಿಯವರ ಖಾತೆಗೇ ಬರಲಿ, ಉಸ್ತುವಾರಿಯ ಸಂಬಳವನ್ನು ನೀವು ಪ್ರತ್ಯೇಕವಾಗಿ ಕಳುಹಿಸಿ. ನಮ್ಮ ಮನೆಯ ಬಾಡಿಗೆ ಮೂರು ವರ್ಷ ಒಬ್ಬರ ಕೈಯಿಂದಲೇ ನಮಗೆ ಬರುತ್ತಿತ್ತು. ಬಣ್ಣ ಹೊಡೆಸಿದ್ದೇನೆ ಎಂದು ಅವರು ಎರಡು ತಿಂಗಳ ಬಾಡಿಗೆಯನ್ನು ಮುರಿದುಕೊಂಡಿದ್ದರು. ಹೋಗಿ ನೋಡಿದರೆ ರಸ್ತೆಗೆ ಕಾಣುವ ಗೋಡೆಗೆ ಮಾತ್ರ ಬಣ್ಣವಿತ್ತು. ಮಾಲೀಕರು ಕೇಳಿದಾಗ ಏಜೆಂಟರು ಸರಿಯಾದ ಲೆಕ್ಕ ಒಪ್ಪಿಸಬೇಕೆಂದು 1872ರ ಭಾರತೀಯ ಕರಾರು ಕಾಯ್ದೆಯ 213ನೇ ಕಲಮು ಹೇಳುತ್ತದೆ, ನಿಜ. ಆದರೆ ನಾವು ಮೂರು ವರ್ಷ ಕೇಳಿರಲೇ ಇಲ್ಲ.

ಉತ್ತರ 2 (ಶಿರಸಿಯಿಂದ)

ಹಣದ ವಿಷಯವನ್ನು ಮೇಲಿನವರು ಸರಿಯಾಗಿ ಹೇಳಿದ್ದಾರೆ. ನನ್ನ ಕಾಳಜಿ ಇರುವುದು ಮಾಡಿನ, ಅಂದರೆ ಹೆಂಚಿನ ಚಾವಣಿಯ ಬಗ್ಗೆ. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೇ ಸುರಿಯುವ ಊರಿನಲ್ಲಿ ಉಸ್ತುವಾರಿಯ ನಿಜವಾದ ಕೆಲಸ ಬಾಡಿಗೆ ವಸೂಲಿಯಲ್ಲ. ಏಪ್ರಿಲ್ ಮುಗಿಯುವುದರೊಳಗೆ ಮಾಡು ಹತ್ತಿಸಿ ಒಡೆದ ಹೆಂಚು ಬದಲಿಸುವುದು, ಹೆಂಚನ್ನು ಹೊರುವ ಮರದ ಪಟ್ಟಿಗಳಾದ ರೀಪು ಪಕಾಸುಗಳಿಗೆ ಒರಲೆ ಹಿಡಿದಿದೆಯೇ ಎಂದು ತಟ್ಟಿ ನೋಡುವುದು, ಮಾಡಿನ ಮೇಲೆ ವಾಲಿದ ತೆಂಗಿನ ಒಣಗರಿಗಳನ್ನು ಇಳಿಸುವುದು, ಗಟಾರದಲ್ಲಿ ತುಂಬಿದ ತರಗೆಲೆ ತೆಗೆಸುವುದು ಇವೆಲ್ಲ ಕರಾರಿನಲ್ಲಿ ಬರಹಕ್ಕೆ ಬರಬೇಕು. ಮನೆ ಖಾಲಿಯಿದ್ದರೆ ಮಳೆಗಾಲದಲ್ಲಿ ವಾರಕ್ಕೊಮ್ಮೆ ಬಾಗಿಲು ಕಿಟಕಿ ತೆಗೆದು ಗಾಳಿಯಾಡಿಸಿ, ಪ್ರತಿ ಕೋಣೆಯ ಮಾಡಿನ ಒಳಭಾಗದ ಫೋಟೋ ಕಳುಹಿಸಬೇಕು. ಶೇಕಡಾವಾರು ಸಂಬಳವಾದರೆ ಮನೆ ಖಾಲಿಯಿದ್ದಾಗ ಅವರಿಗೆ ಏನೂ ಸಿಗುವುದಿಲ್ಲ, ಮನೆಗೆ ಕಣ್ಣು ಹೆಚ್ಚು ಬೇಕಾದದ್ದೂ ಆಗಲೇ. ಹಾಗಾಗಿ ಹನ್ನೆರಡು ತಿಂಗಳೂ ಒಂದೇ ಮೊತ್ತ ಗೊತ್ತು ಮಾಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ನಿನ್ನೆ ರಾತ್ರಿ ತಾಯಿಯವರಿಗೆ ಹೇಳಿದೆ. ಕಪಾಟಿನೊಳಗಿನ ಹಿತ್ತಾಳೆ ಪಾತ್ರೆಗಳು ಸರಿಯಾಗಿವೆಯೇ ಎಂದಷ್ಟೇ ಕೇಳಿದರು. ಬಾಡಿಗೆ ಕರಾರಿಗೆ ಉಸ್ತುವಾರಿಯವರು ಸಹಿ ಮಾಡಬಹುದೇ? ಅವರ ಸಂಬಳಕ್ಕೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಇದೆಯೇ?

ಉತ್ತರ 3 (ಕುಮಟಾದಿಂದ)

ಸಹಿ ತಾಯಿಯವರದೇ ಇರಲಿ. ಒಂದು ವರ್ಷ ಮೀರಿದ ಅವಧಿಯ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕಾದ್ದರಿಂದ ನಮ್ಮಲ್ಲಿ ಹೆಚ್ಚಿನವರು 11 ತಿಂಗಳಿಗೆ ಬರೆಸುತ್ತಾರೆ. ಆದಾಯ ತೆರಿಗೆಯಲ್ಲಿ ಬಾಡಿಗೆಯಿಂದ ಮನೆ ತೆರಿಗೆಯನ್ನು ಕಳೆದು ಉಳಿದದ್ದರಲ್ಲಿ ನೂರಕ್ಕೆ 30ರಷ್ಟನ್ನು ಖರ್ಚೆಂದು ಬಿಡುತ್ತಾರೆ; ದುರಸ್ತಿಯೂ ಉಸ್ತುವಾರಿಯ ಸಂಬಳವೂ ಅದರೊಳಗೇ ಸೇರಿದವು, ಬೇರೆಯಾಗಿ ತೋರಿಸಲು ಬರುವುದಿಲ್ಲ. ಡಿಪಾಸಿಟ್ ಹಿಂದಿರುಗಿಸುವ ಮೊದಲು ಹೆಸ್ಕಾಂನ ವಿದ್ಯುತ್ ಬಿಲ್ ಬಾಕಿಯಿದೆಯೇ ಎಂದು ನೀವೇ ನೋಡಿ.

ಇನ್ನೊಂದು ಸಣ್ಣ ವಿಷಯ. ಬೇರೆ ಬೇರೆ ಕಾರ್ಖಾನೆಯ ಹೆಂಚುಗಳು ಒಂದಕ್ಕೊಂದು ಸರಿಯಾಗಿ ಕೂಡುವುದಿಲ್ಲ, ಸಂದಿಯಲ್ಲಿ ನೀರು ಇಳಿಯುತ್ತದೆ. ಜಾರಿದ ಹೆಂಚನ್ನು ಮಗುಚಿ, ಅಡಿಯಲ್ಲಿ ಒತ್ತಿರುವ ಹೆಸರು ಓದಿ. ಅದೇ ಹೆಸರಿನ ಹೆಂಚು ಹಳೆ ಮನೆ ಕೆಡವುವಲ್ಲಿ ಸಿಕ್ಕರೆ ಐವತ್ತಾದರೂ ತಂದು ಹಿತ್ತಲಿನಲ್ಲಿ ಒಟ್ಟಿಸಿ, ಎಲ್ಲಿವೆ ಎಂದು ಉಸ್ತುವಾರಿಯವರಿಗೆ ತೋರಿಸಿಡಿ.